ಬೆಳೆಯುವ ಮಗುವಿನ ಲಂಗ

"ಅಜ್ಜಾರೇ, ಹೆಚ್ಚು ದಿನ ಉಳಿಯದ ಮಗುವಿಗೆ ಅಕ್ಷರ ಕಲಿಸಿ ಏನು ಫಲ?"

ಕೇಳಿದವನು ಮಠದ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಓದು ಹೇಳಿಕೊಡುವ ಶಿಷ್ಯ, ಗುರುಪಾದ. ಹುಟ್ಟುವಾಗಲೇ ಎಚ್‌ಐವಿ ಅಂಟಿದ್ದ ತಬ್ಬಲಿ ಮಗುವೊಂದು ಆ ವಾರ ಮಠಕ್ಕೆ ಬಂದಿತ್ತು. ಅದಕ್ಕೂ ಅಕ್ಷರ ಬರೆಸು ಎಂದು ಮಠದ ಸ್ವಾಮಿಗಳಾದ ಅಜ್ಜಾರು ಹೇಳಿದ್ದರು. ಗುರುಪಾದ ಕಲ್ಲು ಮನಸ್ಸಿನವನಲ್ಲ. ಓದಿನ ಕಾಟವಾದರೂ ಅದಕ್ಕೆ ಬೇಡ ಎಂಬುದು ಅವನ ಎಣಿಕೆ.

ಅಜ್ಜಾರು ಅವನನ್ನು ಹತ್ತಿರ ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ಊರಿನಲ್ಲಿ ನೀಲವ್ವ ಎಂಬ ಹೊಲಿಗೆಯವಳಿದ್ದಳು. ತಂಗಿಯೂ ತಂಗಿಯ ಗಂಡನೂ ಎಚ್‌ಐವಿಯಿಂದ ತೀರಿಕೊಂಡಾಗ, ಅವರ ಮಗಳು ಚಂಪಾಳನ್ನು ಮನೆಗೆ ಕರೆತಂದಳು. ಮಗುವಿನ ರಕ್ತದಲ್ಲೂ ಅದೇ ಇತ್ತು. ಇಂಥ ಮಕ್ಕಳು ಬಾಳುವುದು ಕಡಿಮೆ ಎಂದು ಆಗ ವೈದ್ಯರೊಬ್ಬರು ಹೇಳಿದ್ದರು. ನೀಲವ್ವ ಆ ಮಾತನ್ನು ನಂಬಿದಳು. ಇರುವಷ್ಟು ದಿನ ಕೂಸು ನಗುನಗುತ್ತ ಇರಲಿ ಎಂದುಕೊಂಡಳು. ಕೇಳಿದ್ದನ್ನೆಲ್ಲ ಮಾಡಿ ಉಣಿಸಿದಳು. ಒಂದು ದಿನವೂ ಬೈಯಲಿಲ್ಲ. ಶಾಲೆಗೂ ಸೇರಿಸಲಿಲ್ಲ. ಹೆತ್ತವಳೂ ಹೀಗೆ ನೋಡಿಕೊಳ್ಳಲಾರಳು ಎಂದು ಓಣಿಯವರು ಮೆಚ್ಚಿಕೊಂಡರು.

ಕೆಲವು ವರ್ಷ ಕಳೆದ ಮೇಲೆ ಊರಿನ ನರ್ಸಮ್ಮ ಬಂದು, "ಜಿಲ್ಲಾ ಆಸ್ಪತ್ರ್ಯಾಗ ಈಗ ಮಕ್ಕಳಿಗೂ ಔಷಧ ಕೊಡಾಕತ್ತಾರ, ನೀಲವ್ವ. ದಿನಾ ತಪ್ಪದ ಕುಡಿಸಿದ್ರ ಕೂಸು ಬದಕತೈತಿ" ಎಂದಳು.

ಒಮ್ಮೆ ಆಸೆಪಟ್ಟು ಮತ್ತೆ ಕಳೆದುಕೊಳ್ಳುವ ಧೈರ್ಯ ನೀಲವ್ವನಿಗಿರಲಿಲ್ಲ. "ಹೋಗೂ ಜೀವಕ್ಕ ಯಾಕವ್ವ ಕಹಿ ಕುಡಿಸಲಿ" ಎಂದು ನರ್ಸಮ್ಮನನ್ನು ಕಳುಹಿಸಿಬಿಟ್ಟಳು.

ನಾಗರ ಪಂಚಮಿ ಹತ್ತಿರ ಬಂತು. ಓಣಿಯ ಹುಡುಗಿಯರಿಗೆಲ್ಲ ನೀಲವ್ವ ಹೊಸ ಲಂಗ ಹೊಲಿದಳು. ಚಂಪಾಳಿಗೂ ಹಸಿರು ಖಣದ ಲಂಗ ಹೊಲಿದಳು. ಚಂಪಾ ಮಷೀನಿನ ಪಕ್ಕ ಕುಳಿತು ಒಂದೊಂದೇ ಲಂಗವನ್ನು ತಿರುವಿ ನೋಡಿದಳು. ಕೊನೆಗೆ ಕೇಳಿದಳು:

"ದೊಡ್ಡವ್ವ, ಎಲ್ಲಾರ ಲಂಗಕ್ಕೂ ಒಳಗ ಅರಿವಿ ಮಡಚಿ ಹೊಲದೀಯಲ್ಲ, ನಂದಕ್ಕ ಯಾಕ ಮಡಚಿಲ್ಲ?"

"ಅವರು ಎತ್ತರ ಆಗ್ತಾರವ್ವ. ಮುಂದಿನ ವರ್ಷ ಹೊಲಿಗಿ ಬಿಚ್ಚಿ ಉದ್ದ ಮಾಡಬೇಕಾಗತೈತಿ."

ಮಾತು ಬಾಯಿಂದ ಬಿದ್ದ ಮೇಲೆ ಅದರ ಅರ್ಥ ನೀಲವ್ವನಿಗೆ ಹೊಳೆಯಿತು. ಹಾಗೆ ಹೊಲಿಯಬೇಕೆಂದು ಅವಳು ಎಣಿಸಿರಲಿಲ್ಲ. ಕೈ ತಾನಾಗಿ ಹಾಗೆ ಹೊಲಿದಿತ್ತು.

"ನಾ ಎತ್ತರ ಆಗಂಗಿಲ್ಲೇನು?" ಎಂದಳು ಚಂಪಾ. ಅವಳ ದನಿಯಲ್ಲಿ ಅಳುವಿರಲಿಲ್ಲ. ತಿಳಿದುಕೊಳ್ಳಬೇಕೆಂದು ಕೇಳಿದಳು, ಅಷ್ಟೆ.

ನೀಲವ್ವ ಮಗುವನ್ನು ತಬ್ಬಿಕೊಂಡು ಬಹಳ ಹೊತ್ತು ಅತ್ತಳು. ಆಮೇಲೆ ಲಂಗದ ಅಂಚು ಬಿಚ್ಚಿದಳು. ಮಡಚಲು ಬಟ್ಟೆ ಉಳಿದಿರಲಿಲ್ಲ. ತನ್ನದೊಂದು ಸೀರೆಯ ಸೆರಗು ಕತ್ತರಿಸಿ, ಅದಕ್ಕೆ ಜೋಡಿಸಿ, ಒಳಗೆ ಮಡಚಿ ಹೊಲಿದಳು. ಮರುದಿನ ಮೊದಲ ಬಸ್ಸಿಗೆ ಮಗುವನ್ನು ಕರೆದುಕೊಂಡು ಆಸ್ಪತ್ರೆಗೆ ಹೋದಳು.

ಔಷಧ ನಿಜಕ್ಕೂ ಕಹಿಯಾಗಿತ್ತು. ಚಂಪಾ ಕಾರಿಕೊಂಡಳು. ನೀಲವ್ವ ಬಾಯಿ ಒರೆಸಿ ಮತ್ತೆ ಕುಡಿಸಿದಳು, ಮೇಲೊಂದು ಚೂರು ಬೆಲ್ಲ ಇಟ್ಟಳು. ಬಾಯಿ ಬಿಗಿಹಿಡಿದ ದಿನ ಗದರಿದಳು. ಶಾಲೆಗೆ ಸೇರಿಸಿದಳು, ಪಾಠ ಒಪ್ಪಿಸದಿದ್ದರೆ ಅದಕ್ಕೂ ಬೈದಳು. "ದೊಡ್ಡವ್ವ ಮೊದಲಿನ್ಹಂಗ ಇಲ್ಲ" ಎಂದು ಚಂಪಾ ಓಣಿಯವರ ಮುಂದೆ ದೂರಿದಳು. ನಡುವೆ ಜ್ವರ ಬಂತು. ಇನ್ನು ಕೈಬಿಟ್ಟು ಹೋಗುತ್ತಾಳೆ ಎಂದು ನೀಲವ್ವ ಆಸ್ಪತ್ರೆಯ ಮಂಚದ ಪಕ್ಕ ಕುಳಿತ ದಿನಗಳೂ ಇದ್ದವು. ಆಗಲೂ ಅವಳು ಔಷಧ ತಪ್ಪಿಸಲಿಲ್ಲ.

ಚಂಪಾ ಬೆಳೆದಳು. ಲಂಗದ ಹೊಲಿಗೆ ಬಿಚ್ಚಿ ಉದ್ದ ಮಾಡಿದ್ದೂ ಆಯಿತು, ಅದೂ ಗಿಡ್ಡವಾಯಿತು. ಈಗ ಅವಳು ದೊಡ್ಡವ್ವನಿಗಿಂತ ಎತ್ತರ. ದಿನವೂ ಮಾತ್ರೆ ನುಂಗಿ ಕಾಲೇಜಿಗೆ ಹೋಗುತ್ತಾಳೆ. ನೀಲವ್ವನ ಕಣ್ಣು ಮಂಜಾಗಿದೆ. ಸೂಜಿಗೆ ದಾರ ಪೋಣಿಸಿಕೊಡುವವಳು ಚಂಪಾ.

ಅಜ್ಜಾರು ಕತೆ ಮುಗಿಸಿದರು. ಗುರುಪಾದನ ಮುಖದಲ್ಲಿ ಸಮಾಧಾನ ಕಾಣಲಿಲ್ಲ.

"ಆ ಮಗು ಉಳಿಯಿತು, ಅಜ್ಜಾರೇ. ಉಳಿಯದೆ ಹೋಗಿದ್ದರೆ ಅಷ್ಟು ಶ್ರಮವೂ ವ್ಯರ್ಥವಾಗುತ್ತಿರಲಿಲ್ಲವೇ?"

"ನಿನ್ನ ಕೈ ಹಿಡಿದು ಮೊದಲ ಅಕ್ಷರ ಬರೆಸಿದಾಗ, ನೀನು ಎಷ್ಟು ದಿನ ಇರುತ್ತೀ ಎಂದು ನಾನು ಯಾರನ್ನೂ ಕೇಳಲಿಲ್ಲ" ಎಂದರು ಅಜ್ಜಾರು.