ಅತ್ತಿ ಹೊತ್ತ ತುದಿಗಲ್ಲು

ಭಾಳ ಹಿಂದ, ನಮ್ಮಜ್ಜನ ಅಜ್ಜಗೂ ನೆನಪಿಲ್ಲದಷ್ಟು ಹಿಂದ, ಕಲ್ಲಿನ ಮರಡಿ ಮ್ಯಾಲ ಒಂದೂರಿತ್ತಂತ. ಎಲ್ಲಿ ನೋಡಿದ್ರೂ ಕಲ್ಲು. ತೊಲಿ ಹಾಕಾಕ ಒಂದು ಮರ ಇಲ್ಲ. ಮಂದಿ ಜ್ವಾಳದ ದಂಟು ಹೊದಿಸಿ ಗುಡಿಸಲು ಕಟ್ಟತಿದ್ರು. ಬ್ಯಾಸಗಿ ಗಾಳಿಗೆ ಬೆಂಕಿ ಬಿದ್ದು ಬೂದಿ ಆಗತಿತ್ತು. ಮತ್ತ ಕಟ್ಟತಿದ್ರು.

ಆ ಊರಿಗೆ ಹುಲಿಗೆವ್ವ ಸೊಸಿಯಾಗಿ ಬಂದ್ಲಂತ, ಕಲ್ಲು ಕಟ್ಟೋರ ಮಗಳು. ಆಕಿ ಕೈ ಎಂಥಾ ಕೈ ಅಂತೀರಿ! ಮಣ್ಣಿಲ್ಲ, ಸುಣ್ಣಿಲ್ಲ, ಬರೇ ಕಲ್ಲಿನ ಮ್ಯಾಲ ಕಲ್ಲಿಟ್ಟು ದುಂಡಗ ಗ್ವಾಡಿ ಎಬ್ಬಿಸಿದ್ಲು. ಒಂದೊಂದು ಸುತ್ತಿಗೂ ಎರಡು ಬೆರಳು ಒಳಗ ಸರಿಸಿಕೋತ, ಜ್ವಾಳದ ರಾಶಿ ಹಂಗ ಚೂಪಗ ಮಾಡು ಏರಿಸಿದ್ಲು. ಸೂಜಿ ತೂರಂಗಿರಲಿಲ್ಲ ಅಂತಾರ. ತುದಿಗೆ ಒಂದೇ ಕಲ್ಲು ಉಳೀತು.

ಆಕಿ ತವರಿನ ಪದ್ಧತಿ ಏನಂದ್ರ, ತುದಿಗಲ್ಲು ಮನಿ ಹಿರೇರ ಕೈಯಿಂದ ಬರಬೇಕು. ಇಲ್ಲಿ ಹಿರೇಳು ಅಂದ್ರ ಅತ್ತಿ ಯಮನವ್ವ. ಆಕಿ ಕಲ್ಲು ಕೊಡಾಕ ಒಲ್ಲೆ ಅಂತ ಊರ ಮಂದಿ ಮುಂದ ನಿಂತು ಅಂದ್ಲಂತ: “ಇದು ಮನಿ ಅಲ್ಲ, ಗೋರಿ. ಸತ್ತ ಮ್ಯಾಲ ನನ್ನ ಮ್ಯಾಲ ಕಲ್ಲು ಹೇರ್ರಿ. ಜೀವ ಇದ್ದಾಗ ಬ್ಯಾಡ.”

ಊರೆಲ್ಲಾ ನಕ್ಕಿತು. ಸೊಸಿ ಸಿಟ್ಟಿಗೆದ್ಲು. ಅತ್ತಿ ಕೊಡೂ ತನಕ ನಾನೂ ಮುಚ್ಚೂದಿಲ್ಲ ಅಂದು ಕಲ್ಲು ಬಾಗಲ ಮುಂದ ಒಗದ್ಲು. ಮಾಡಿನ ತುದಿಗೆ ಗಡಿಗಿ ಬಾಯಷ್ಟು ತೂತು ಹಂಗ ಉಳೀತು.

ಬ್ಯಾಸಗಿ ಬಂತು, ಗಾಳಿ ಬಂತು, ಬೆಂಕಿನೂ ಬಂತು. ನಾಕೂ ಕಡಿ ಉರಿ. ನಕ್ಕ ಮಂದೀನ ಕೂಸು ಕುನ್ನಿ ಕಟಗೊಂಡು ಆ ಕಲ್ಲಿನ ಮನಿ ಹೊಕ್ಕರು. ಯಮನವ್ವನೂ ಹುಲಿಗೆವ್ವನ ಕೂಸು, ತನ್ನ ಮಮ್ಮಗನ್ನ ಅವಚಿಕೊಂಡು ಹೊಕ್ಕಳು. ಬಾಗಲಿಗೆ ಹಸಿ ಕಂಬಳಿ ಕಟ್ಟಿದ್ರು. ಆದ್ರ ತುದಿ ತೂತಿನಿಂದ ಕಿಡಿ ಉದುರಾಕ ಹತ್ತಿದ್ವು. ಒಂದು ಕಿಡಿ ಆ ಕೂಸಿನ ತಲಿ ಕುಲಾಯಿ ಮ್ಯಾಲೇ ಬಿತ್ತು.

ಹುಲಿಗೆವ್ವ ಹಟ ಮರತು ಹೊರಗ ಓಡಿದ್ಲು. ನೋಡಿದ್ರ ಬಾಗಲ ಮುಂದ ಕಲ್ಲಿಲ್ಲ. ತಲಿ ಎತ್ತಿದ್ರ, ಆ ಕಲ್ಲು ತಲಿ ಮ್ಯಾಲ ಹೊತಗೊಂಡು, ಸೆರಗು ಸುಡತಿದ್ರೂ, ಕೂಸನ್ನ ಮಂದಿ ಕೈಗೆ ಕೊಟ್ಟು ಮೊದಲ ಹೊರಬಿದ್ದಿದ್ದ ಅತ್ತಿ, ಹತ್ತಾಕ ಅಂತ ಮಾಡಿನ ಹೊರಗ ಚಾಚಿಟ್ಟ ಕಲ್ಲು ತುಳಕೋತ ಏರಾಕ ಹತ್ತಿದ್ಲು. ಸೊಸಿನೂ ಏರಿದ್ಲು.

“ಹಿಡಿಯವ್ವಾ,” ಅಂದ್ಲಂತ ಯಮನವ್ವ. “ನಿನ್ನ ಮನಿ ಮುಚ್ಚು.”

ಹುಲಿಗೆವ್ವ ಅಳಕೋತ ಕಲ್ಲು ಕೂಡಿಸಿದ್ಲು. ಇಬ್ಬರೂ ಇಳದು ಒಳಗ ಸೇರಿದ್ರು.

ಊರಿಗೂರೇ ಬೂದಿ ಆತು, ಆದ್ರ ಒಂದು ಕೋಳಿ ಸೈತ ಸಾಯಲಿಲ್ಲ ಅಂತಾರ. ಅಷ್ಟು ಮಂದಿ ಹೆಂಗ ಹಿಡಿಸಿದ್ರು ಅಂತ ಕೇಳಬ್ಯಾಡ್ರಿ, ಹಿಡಿಸಿದ್ರು. ಮರುವರ್ಷ ಊರೆಲ್ಲಾ ಅಂಥಾ ಮನಿನ ಕಟ್ಟಿತು. ಇಂದಿಗೂ ಒಂದು ಕಲ್ಲು ಅಳ್ಳಾಡಿಲ್ಲ, ಬಂದು ನೋಡ್ರಿ.

ಈಗ ನಮ್ಮೂರಾಗ ಸಿಮೆಂಟಿನ ಸ್ಲ್ಯಾಬ್ ಹಾಕಿದ್ರೂ ಕಾಂಕ್ರೀಟಿನ ಕಡೀ ಪುಟ್ಟಿ ಅತ್ತಿ ಹೊತ್ತು ತಂದು ಸೊಸಿ ಕೈಗೆ ಕೊಡಬೇಕು. ಅತ್ತಿ ಸಿಟ್ಟಾಗಿ ಕುಂತ್ರ ಮೇಸ್ತ್ರಿ ಬೀಡಿ ಹಚ್ಚಿ ಕಾಯ್ತಾನ. ಎಷ್ಟೇ ಹೊತ್ತಾಗ್ಲಿ, ಸೊಸಿ ಹೋಗಿ ಕರಕೊಂಡು ಬರ್ತಾಳ.