ಏಡಿ ಕೊಟ್ಟ ಹೆಸರು

ಲೋಕ ಆಗಷ್ಟೇ ಆಗಿತ್ತು. ಬೆಟ್ಟ ಇನ್ನೂ ಹಸಿಯಾಗಿತ್ತು. ಒರಗಿ ಕೂತರೆ ಬೆನ್ನಿಗೆ ಮಣ್ಣು ಮೆತ್ತುತ್ತಿತ್ತು. ಕಡಲಿತ್ತು, ಗಾಳಿಯಿತ್ತು, ಚಂದ್ರನಿದ್ದ. ಆದರೆ ಯಾರ ಗುಣ ಏನು ಅಂತ ಹೇಳುವ ಮಾತು ಇನ್ನೂ ಯಾರಿಗೂ ಸಿಕ್ಕಿರಲಿಲ್ಲ.

ಮಾತು ಹಂಚುವ ಕೆಲಸ ಏಡಿಯ ಪಾಲಿಗೆ ಬಂತು. ಅದರ ಕಣ್ಣುಗಳು ಕಡ್ಡಿಯ ಮೇಲೆ ನಿಂತಿವೆ, ಎಲ್ಲ ಕಡೆ ಕಾಣುತ್ತದೆ, ಅದಕ್ಕಿಂತ ತಕ್ಕವರು ಇನ್ಯಾರು ಅಂತ ಎಲ್ಲರೂ ಒಪ್ಪಿದರು. ಏಡಿ ಮರಳನ್ನು ಸಾಸಿವೆಯಷ್ಟು ಸಣ್ಣ ಉಂಡೆ ಮಾಡಿತು. ಉಂಡೆಗಳನ್ನು ದಂಡೆಯ ಮೇಲೆ, ಅದುವರೆಗೆ ಕಡಲು ಮುಟ್ಟದಿದ್ದ ಕಡೆ ಸಾಲಾಗಿ ಇಟ್ಟು, ಒಬ್ಬೊಬ್ಬರಿಗೆ ಒಂದೊಂದು ಗುಣ ಬರೆಯಿತು. ಆಮೆಗೆ ನಿಧಾನ. ಬೆಂಕಿಗೆ ಅವಸರ.

ಕೊನೆಗೆ ಎರಡು ಮಾತು ಉಳಿದವು: ಸ್ಥಿರ, ಚಂಚಲ.

ಏಡಿ ಚಂದ್ರನನ್ನು ನೋಡಿತು. ಒಂದು ದಿನ ಕತ್ತರಿಸಿ ಬಿಸಾಕಿದ ಉಗುರಿನ ಹಾಗಿದ್ದ. ಇನ್ನೊಂದು ದಿನ ಮಡಚಿದ ದೋಸೆ. ಮತ್ತೊಂದು ದಿನ ದುಂಡನೆಯ ತಟ್ಟೆ. "ಇವನ ಮುಖ ಒಂದು ದಿನ ಇದ್ದಂತೆ ಇನ್ನೊಂದು ದಿನ ಇಲ್ಲ" ಅಂದುಕೊಂಡು ಚಂದ್ರನಿಗೆ ಚಂಚಲ ಅಂತ ಬರೆಯಿತು. ಆಮೇಲೆ ಗಾಳಿಯನ್ನು ನೋಡಿತು. ನಿನ್ನೆಯೂ ಏನೂ ಕಾಣಲಿಲ್ಲ, ಇವತ್ತೂ ಏನೂ ಕಾಣಲಿಲ್ಲ. "ಒಂದಿಷ್ಟೂ ಬದಲಾಗಿಲ್ಲ" ಅಂದುಕೊಂಡು ಗಾಳಿಗೆ ಸ್ಥಿರ ಅಂತ ಬರೆಯಿತು. ಬಿಸಿಲಿಗೆ ಅಕ್ಷರ ಒಣಗಿ ಗಟ್ಟಿಯಾಯಿತು.

ಅದೇ ದಂಡೆಯಲ್ಲಿ ಬೀರಮ್ಮ ಎಂಬ ಹೆಂಗಸು ಉಪ್ಪು ಬೆಳೆಯುತ್ತಿದ್ದಳು. ಅವಳಿಗೆ ಯಾರೂ ಕಲಿಸಿದ್ದಲ್ಲ. ಬಂಡೆಯ ಕುಳಿಯಲ್ಲಿ ನೀರು ಆರಿ ಉಳಿದ ಬಿಳಿ ಪುಡಿಯನ್ನು ನೆಕ್ಕಿ ನೋಡಿ, ತಾನೇ ಮಣ್ಣು ತುಳಿದು ಪಾತಿ ಮಾಡಿ, ತಾನೇ ಏರಿ ಕಟ್ಟಿ ಕಲಿತಿದ್ದಳು. ಕಡಲ ನೀರು ಒಮ್ಮೆ ಪಾತಿಗೆ ಬರಬೇಕು. ಆಮೇಲೆ ಹನ್ನೆರಡು ದಿನ ಆ ಕಡೆ ತಲೆ ಹಾಕಬಾರದು. ಅಷ್ಟಾದರೆ ಉಪ್ಪು.

ಆದರೆ ಆಗ ಕಡಲಿಗೆ ಹೊತ್ತುಗೊತ್ತು ಇರಲಿಲ್ಲ. ಮನಸ್ಸಾದಾಗ ಬರುತ್ತಿತ್ತು, ಮನಸ್ಸಾದಾಗ ಹೋಗುತ್ತಿತ್ತು. ಮೂರು ಸಲ ಉಪ್ಪು ಹರಳುಗಟ್ಟಿತು. ಮೂರು ಸಲವೂ ಕಡಲು ಬಂದು ಕರಗಿಸಿಕೊಂಡು ಹೋಯಿತು. ಮಳೆಗಾಲಕ್ಕೆ ಇನ್ನು ಮೂರೇ ವಾರ. ಈ ಸಲವೂ ಕೈತಪ್ಪಿದರೆ ದಂಡೆಯಿಂದ ಬೆಟ್ಟದವರೆಗೆ ಎಲ್ಲರ ಮನೆಯಲ್ಲೂ ವರ್ಷವಿಡೀ ಸಪ್ಪೆ ಗಂಜಿ.

"ಕಡಲಮ್ಮಾ, ಇಷ್ಟು ದೊಡ್ಡ ಮೈ ಇದೆ, ಚೂರು ನೆನಪು ಬೇಡವಾ ನಿನಗೆ?" ಅಂದಳು ಬೀರಮ್ಮ.

"ನನಗೆ ಹೊತ್ತು ತಿಳಿಯೋದಿಲ್ಲ ಬೀರಮ್ಮ," ಅಂದಿತು ಕಡಲು. "ಯಾರಾದರೂ ಬಾ ಅಂದರೆ ಬರ್ತೇನೆ, ಹೋಗು ಅಂದರೆ ಹೋಗ್ತೇನೆ. ಕರೆಯೋರನ್ನು ನೀನೇ ಹುಡುಕು."

ಬೀರಮ್ಮ ಏಡಿಯ ಗೂಡಿಗೆ ಹೋದಳು. "ಹೇಳಿದ ಹಾಗೆ ನಡೆಯುವವರು ಯಾರಿದ್ದಾರೆ?"

"ಬರೆದಿದೆಯಲ್ಲ ಬೀರಕ್ಕ, ಓದಿಕೋ. ಗಾಳಿ ಸ್ಥಿರ."

ಬೀರಮ್ಮ ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಬರೆದದ್ದು ಅಂದಮೇಲೆ ಸರಿಯೇ ಇರಬೇಕು ಅಂದುಕೊಂಡಳು. ಕಡಲನ್ನು ಕರೆಯುವ ಕೆಲಸವನ್ನು ಗಾಳಿಗೆ ಒಪ್ಪಿಸಿದಳು.

"ಹನ್ನೆರಡು ದಿನ ಕರೆಯಬಾರದು, ನೆನಪಿರಲಿ."

"ಅದಕ್ಕೇನಂತೆ, ಹದಿಮೂರನೇ ದಿನ ಕರೆದರಾಯ್ತು," ಅಂದಿತು ಗಾಳಿ.

ಐದನೇ ದಿನ ಗಾಳಿ ಒಂದು ಚಿಟ್ಟೆಯನ್ನು ಅಟ್ಟಿಸಿಕೊಂಡು ದಂಡೆಗೆ ಬಂತು. ಸೆಖೆ ಅನ್ನಿಸಿತು. "ಕಡಲಮ್ಮಾ, ಬಾ," ಅಂದಿತು. ಕಡಲು ಬಂತು. ಪಾತಿಯಲ್ಲಿ ಹಾಲಿನ ಕೆನೆಯಂತೆ ಕಟ್ಟತೊಡಗಿದ್ದ ಉಪ್ಪು ಮತ್ತೆ ನೀರಾಯಿತು.

"ಹದಿಮೂರನೇ ದಿನ ಅಂದಿದ್ದೆಯಲ್ಲೋ?" ಅಂದಳು ಬೀರಮ್ಮ.

"ಅಂದಿದ್ದೆನಾ? ಆವತ್ತು ಹಾಗೆ ಅನ್ನಿಸಿತ್ತು. ಇವತ್ತು ಹೀಗೆ ಅನ್ನಿಸಿತು," ಅಂದ ಗಾಳಿ ತೆಂಗಿನ ಗರಿಗೆ ಜೋತುಬಿದ್ದು, ಅಲ್ಲಿಂದಲೂ ಹೊರಟೇ ಹೋಯಿತು.

ಬೀರಮ್ಮ ಅಳುವವಳಲ್ಲ. ಸಂಜೆಯಾಗಿತ್ತು. ಪಡುವಣದಲ್ಲಿ ಚಂದ್ರ ಉಗುರಿನಷ್ಟು ಕಾಣುತ್ತಿದ್ದ. ಅವನು ಕಂಡಾಗಲೆಲ್ಲ ಅವನ ಚಿತ್ರವನ್ನು ಇದ್ದಿಲಿನಿಂದ ಗೀಚುವುದು ಅವಳ ಅಭ್ಯಾಸ. ಪಾತಿಗೆ ನೀರು ಬಿಡುವ ತೂಬಿನ ಹಲಗೆಯ ಮೇಲೆ ಚಿತ್ರಗಳ ಸಾಲೇ ಇತ್ತು. ಇವತ್ತಿನದನ್ನು ಬರೆಯಲು ಬಗ್ಗಿದವಳು ಹಾಗೆಯೇ ನಿಂತಳು. ಹಳೆಯ ಸಾಲಿನ ಮೇಲೆ ಬೆರಳಾಡಿಸಿದಳು. ಉಗುರು, ದೋಸೆ, ತಟ್ಟೆ, ಮತ್ತೆ ದೋಸೆ, ಮತ್ತೆ ಉಗುರು, ಆಮೇಲೆ ಏನೂ ಇಲ್ಲ. ಅದರ ಕೆಳಗಿನ ಸಾಲು? ಅದೂ ಹಾಗೆಯೇ.

"ಚಂದಪ್ಪ, ನಾಳೆ ನೀನು ಹೇಗಿರ್ತೀಯ?"

"ಇವತ್ತಿಗಿಂತ ಒಂದೆಳೆ ದಪ್ಪ."

"ಆರು ದಿನ ಬಿಟ್ಟು?"

"ಅರ್ಧ."

"ನಡುವೆ ಮನಸ್ಸು ಬದಲಾಯಿಸಿದರೆ?"

ಚಂದ್ರ ನಕ್ಕ. "ನಾನು ಮೈ ಬದಲಾಯಿಸ್ತೇನೆ ಬೀರಮ್ಮ. ಮಾತು ಬದಲಾಯಿಸಿದ್ದು ನಿನ್ನ ಹಲಗೆಯಲ್ಲಿ ಎಲ್ಲಾದರೂ ಇದೆಯಾ ನೋಡು."

ಇರಲಿಲ್ಲ.

ಬೀರಮ್ಮ ಏಡಿಯನ್ನು ಕಾಲು ಹಿಡಿದು ಎತ್ತಿಕೊಂಡು ಬಂದು ಹಲಗೆಯ ಮುಂದೆ ಬಿಟ್ಟು, ಬರೆದದ್ದನ್ನು ತಿದ್ದು ಅಂದಳು.

"ಬರೆದದ್ದು ಒಣಗಿದೆ ಬೀರಕ್ಕ. ಇನ್ನು ತಿದ್ದೋಕೆ ಬರೋದಿಲ್ಲ."

"ನೀನು ಚಂದ್ರ ಬದಲಾಗಿದ್ದು ನೋಡಿದೆ. ಹೇಗೆ ಬದಲಾದ ಅಂತ ನೋಡಿದೆಯಾ? ದಿನಕ್ಕೆ ಒಂದೆಳೆ, ಹೋದ ದಾರಿಯಲ್ಲೇ ವಾಪಸ್ಸು. ಗಾಳಿಯ ಮುಖ ಕಾಣಲಿಲ್ಲ ಅಂತ ಅದು ಕೂತಲ್ಲೇ ಕೂತಿದೆ ಅಂದುಕೊಂಡೆಯಾ?"

"ನಾನು ಒಮ್ಮೆ ಬರೆದರೆ ಬರೆದ ಹಾಗೆ. ನಾನೂ ಸ್ಥಿರ."

"ಅದು ಸ್ಥಿರ ಅಲ್ಲ ಮಾರಾಯ, ಹಟ."

"ನಿನಗಿಲ್ಲವಾ ಹಟ?"

"ಇದೆ. ಆದರೂ ತಪ್ಪಾದಾಗೆಲ್ಲ ಪಾತಿ ಕೆಡವಿ ಕಟ್ಟಿದ್ದೇನೆ."

ಏಡಿ ಒಂದು ಕಣ್ಣನ್ನು ಹಲಗೆಯತ್ತ ತಿರುಗಿಸಿತು, ಇನ್ನೊಂದನ್ನು ಚಂದ್ರನತ್ತ. ತುಂಬ ಹೊತ್ತು ನೋಡಿತು. ಆಮೇಲೆ ನಾಚಿಕೊಂಡು ಎರಡು ಹೆಜ್ಜೆ ಪಕ್ಕಕ್ಕೆ ಸರಿಯಿತು. "ಕಡಲಮ್ಮ ಒರೆಸಿಕೊಟ್ಟರೆ ಹೊಸದಾಗಿ ಬರೀತೇನೆ."

ಆಗ ಚಂದ್ರ ಮೊದಲ ಸಲ ಕಡಲನ್ನು ಕರೆದ. ಕಡಲು ಬಂದು, ಪಾತಿ ತುಂಬಿಸಿ, ಅಕ್ಷರ ಒರೆಸಿ ಹಿಂದೆ ಹೋಯಿತು. ಏಡಿ ಹೊಸದಾಗಿ ಬರೆಯಿತು: ಚಂದ್ರ ಸ್ಥಿರ, ಗಾಳಿ ಚಂಚಲ.

ಗಾಳಿ ಸುತ್ತಿಕೊಂಡು ಬಂದು ಓದಿತು. "ಒಳ್ಳೇದೇ ಆಯ್ತು. ಆ ಹೆಸರು ಹೊತ್ತು ಹಾರೋಕೆ ಭಾರ ಆಗ್ತಿತ್ತು," ಅಂದು ಪಾತಿಗಳ ಮೇಲೆ ಕುಣಿಯಿತು. ಅದು ಕುಣಿದಷ್ಟೂ ನೀರು ಆರಿತು.

ಚಂದ್ರ ಕಡಲಿಗೆ ಹೇಳಿದ: "ದಿನಾ ಸ್ವಲ್ಪ ಬಂದು ಹೋಗು. ನಾನು ತುಂಬಿದ ದಿನ, ಪೂರ್ತಿ ಮರೆಯಾದ ದಿನ ಜೋರಾಗಿ ಕರೀತೇನೆ. ಆವತ್ತು ಮಾತ್ರ ಪಾತಿಯವರೆಗೆ ಬಾ."

ಹನ್ನೆರಡನೇ ದಿನ ಬೀರಮ್ಮ ಉಪ್ಪು ಬಳಿದಳು. ಮೊಣಕಾಲೆತ್ತರದ ಬಿಳಿ ರಾಶಿಗಳು ಎದ್ದು ನಿಂತವು. ಮರುದಿನ ಹುಣ್ಣಿಮೆ. ಹೇಳಿದ ಹೊತ್ತಿಗೆ ಸರಿಯಾಗಿ ಕಡಲು ಪಾತಿಗೆ ಬಂದು ಸುತ್ತ ನೋಡಿತು. "ಉಪ್ಪೆಲ್ಲಿ?"

"ಅಟ್ಟದ ಮೇಲೆ," ಅಂದಳು ಬೀರಮ್ಮ, ಗಂಜಿ ಉಣ್ಣುತ್ತಾ.

ಎರಡು ದಿನ ಬಿಟ್ಟು ಮೊದಲ ಮಳೆ ಬಂತು.

ಅಂದಿನಿಂದ ಏಡಿ ತನ್ನ ಅಕ್ಷರವನ್ನು ಒಣಗಲು ಬಿಡುವುದಿಲ್ಲ. ಕಡಲು ಇಳಿದ ಹೊತ್ತಿಗೆ ದಂಡೆಗೆ ಹೋದರೆ ಅದರ ಗೂಡಿನ ಸುತ್ತ ಸಾಸಿವೆಯಂಥ ಮರಳುಂಡೆಗಳ ಸಾಲು ಕಾಣುತ್ತದಲ್ಲ, ಅದು ಏಡಿ ಎಲ್ಲರನ್ನೂ ಇನ್ನೊಮ್ಮೆ ನೋಡಿ ಬರೆದದ್ದು; ಚಂದ್ರ ಕರೆದಾಗ ಕಡಲು ಬಂದು ಒರೆಸುತ್ತದೆ, ಏಡಿ ಮತ್ತೆ ಕಣ್ಣೆತ್ತಿ ನೋಡುತ್ತದೆ.