ಸೋಲದ ವಕೀಲರ ಗುಮಾಸ್ತ

ನಾಲ್ಕನೇ ಇಯತ್ತೆಯಲ್ಲಿದ್ದಾಗ ಒಂದು ಕಾರಹುಣ್ಣಿಮೆಯ ದಿನ ಪಾಟಿಚೀಲ ಗೂಟಕ್ಕೆ ತೂಗುಹಾಕಿ ಮನೆ ಬಿಟ್ಟವನು ಈ ಗುಮಾಸ್ತ. ಆಮೇಲೆ ಯಾವ ಊರಲ್ಲೂ ಬಹಳ ದಿನ ನಿಂತವನಲ್ಲ. ಧಾರವಾಡದ ತೊರಗಲ್ಲ ವಕೀಲರ ಕಚೇರಿಯಲ್ಲಿ ಮಾತ್ರ, ಅಲ್ಲೇ ಮಲಗಿಕೊಂಡು, ಮೂರು ವರ್ಷ ಕಳೆದ. ಸಾಹೇಬರು ಒಂದು ಕೇಸೂ ಸೋತಿರಲಿಲ್ಲ. ಆ ಹೆಸರಿನ ಮೇಲೇ ಕಚೇರಿ ಬೆಳೆದಿತ್ತು. ಹನ್ನೆರಡು ಮಂದಿ ಕಿರಿಯ ವಕೀಲರಿದ್ದರೂ ಯಾವ ಕಡತ ಎಲ್ಲಿದೆಯೆಂದು ಗೊತ್ತಿದ್ದುದು ಇವನೊಬ್ಬನಿಗೇ. ಹೊರಡುತ್ತೇನೆಂದಾಗ ಸಾಹೇಬರು ಅವನ ಟ್ರಂಕನ್ನು ಕಪಾಟಿನಲ್ಲಿಟ್ಟು ಬೀಗ ಜಡಿದು, ನ್ಯಾಯಾಧೀಶರ ಹಾಗೆ ಕೂತರು.

“ಯಾಕ ಹೋಗ್ಬೇಕು, ವಾದ ಮಾಡು. ಗೆದ್ರ ಟ್ರಂಕು ನಿಂದು.”

“ನಾ ಓದಿದವ ಅಲ್ರೀ. ನನ್ನ ವಕೀಲರು ಮಾಡ್ತಾರ.”

“ಯಾವನಲೇ ಅವ, ನನ್ನ ಮುಂದ ನಿಲ್ಲಾಂವ?”

“ನೀವರೀ. ಕೈಮುಗದು ಬಂದ ಬಡವನ ಕೇಸು ಎಂದೂ ಬಿಟ್ಟಿಲ್ಲ ಅಂತೀರಲ್ಲ, ಕೈ ಮುಗದೀನಿ.”

ಕಿರಿಯರೆಲ್ಲ ಕಡತಗಳಲ್ಲಿ ಮುಖ ಹುದುಗಿಸಿದರು.

“ಟ್ರಂಕು ಕೊಡಂಗಿಲ್ಲ ಅಂದ್ರ?”

“ನೀವು ಸೋತ ಮೊದಲನೇ ಕೇಸು ಇದಾಗ್ತೈತ್ರಿ.”

ಸಾಹೇಬರು ಅವನನ್ನೊಮ್ಮೆ, ಗೋಡೆಯ ಮೇಲಿನ, ತಾವು ಸನ್ಮಾನದ ಹಾರ ಹಾಕಿಕೊಂಡ ಫೋಟೋವನ್ನೊಮ್ಮೆ ನೋಡಿದರು. ಕೊನೆಗೆ ಬೀಗದಕೈ ಮೇಜಿನ ಮೇಲೆ ಎಸೆದರು.

“ಹಂಗಾದ್ರ ಗೆದ್ದಾಂವ ನಾನ ಹೌದಲ್ಲೋ?”

“ಯಾವತ್ತಿನಂಗ ನೀವರೀ ಸಾಹೇಬ್ರ,” ಎನ್ನುತ್ತ ಗುಮಾಸ್ತ ಟ್ರಂಕು ಎಳೆದುಕೊಂಡು ಹಾಸಿಗೆ ಸುತ್ತತೊಡಗಿದ.